ಇಂಗ್ಲಿಷ್ ಪದಗಳನ್ನು ಗುರುತಿನಿಂದ ಬಳಕೆಗೆ ತರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಕಿಪೊಟ್ಟಣ ಎನ್ನುತ್ತೇವೆ, ಅಗ್ನಿಪೊಟ್ಟಣ ಎನ್ನುವುದಿಲ್ಲ. ಅಗ್ನಿಶಾಮಕ ದಳ ಎನ್ನುತ್ತೇವೆ, ಬೆಂಕಿಶಾಮಕ ದಳ ಎಂದರೆ ಕಿವಿಗೆ ಒಗ್ಗುವುದಿಲ್ಲ. ಬೆಂಕಿ, ಅಗ್ನಿ ಎರಡರ ಅರ್ಥವೂ ಒಂದೇ. ಆದರೂ ಯಾವುದು ಎಲ್ಲಿ ಕೂರಬೇಕು ಎಂಬುದು ಯಾರೂ ಹೇಳಿಕೊಡದೆ ನಮಗೆ ಗೊತ್ತಿದೆ. ಇಂಗ್ಲಿಷಿನಲ್ಲಿ ನಮಗೆ ಸಾಲದೆ ಬರುವುದು ಈ ತಿಳಿವಳಿಕೆಯೇ. ಓದುವಾಗ ಅರ್ಥವಾಗುವ ಎಷ್ಟೋ ಪದಗಳು ಬರೆಯಲು ಕೂತಾಗ ಹತ್ತಿರ ಸುಳಿಯುವುದಿಲ್ಲ. ಅವುಗಳ ಅರ್ಥ ಗೊತ್ತು, ಜಾಗ ಗೊತ್ತಿಲ್ಲ.

ನಾನೂ ಮೊದಲು ಪಟ್ಟಿ ಹಿಡಿದೇ ಕಲಿತವನು. ಪರೀಕ್ಷೆಗೆಂದು ತಯಾರಿಸಿದ ಉದ್ದನೆಯ ಪದಪಟ್ಟಿಯೊಂದನ್ನು ಅಕಾರಾದಿಯಾಗಿ ಉರು ಹೊಡೆದೆ. ಅಬೇಟ್ ಎಂದರೆ ತಗ್ಗುವುದು, ಅದರ ಕೆಳಗೇ ಅಬೆಟ್, ಅಂದರೆ ತಪ್ಪು ಕೆಲಸಕ್ಕೆ ಕುಮ್ಮಕ್ಕು ಕೊಡುವುದು. ಒಂದೇ ಥರ ಕೇಳಿಸುವ ಎರಡನ್ನು ಒಟ್ಟಿಗೆ ಕಲಿತರೆ ಎರಡೂ ಕಲಸಿಹೋಗುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಕೆಲವೇ ತಿಂಗಳಲ್ಲಿ ಬಹುಪಾಲು ಮರೆತುಹೋಯಿತು, ಉಳಿದದ್ದನ್ನು ಬಳಸುವ ಧೈರ್ಯ ಬರಲಿಲ್ಲ. ಆಮೇಲೆ ಹಿಡಿದ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು, ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ

ಇಂಗ್ಲಿಷ್ ಪದಗಳನ್ನು ಕುಟುಂಬವಾಗಿ ಎಣಿಸುವುದು ರೂಢಿ. ಡಿಸೈಡ್, ಡಿಸಿಷನ್, ಡಿಸೈಸಿವ್, ಅನ್‌ಡಿಸೈಡೆಡ್ ಎಲ್ಲ ಸೇರಿ ಒಂದು ಕುಟುಂಬ. ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸಾಮಾನ್ಯ ಪದಪಟ್ಟಿಯಲ್ಲಿ ಇಂಥವು ಸುಮಾರು 2000 ಇದ್ದವು. ದಿನನಿತ್ಯದ ಇಂಗ್ಲಿಷಿನ ಬೆನ್ನೆಲುಬು ಅವೇ. ಅದರ ಮೇಲಿನದು ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಹೊರತಂದ ಅಕಾಡೆಮಿಕ್ ಪಟ್ಟಿ: 570 ಕುಟುಂಬಗಳು, ವಿದ್ವತ್ಪೂರ್ಣ ಬರಹಗಳಲ್ಲಿ ಬರುವ ಪದಗಳಲ್ಲಿ ಸುಮಾರು ಶೇ. 10ರಷ್ಟು ಇವೇ. ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಕುಟುಂಬಗಳು ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು.

ಅಂದರೆ ಮೇಲ್ಮಟ್ಟದ ಶಬ್ದಸಂಪತ್ತು ಎಂದರೆ ಯಾರೂ ಕೇಳರಿಯದ ಪದಗಳ ಸಂಗ್ರಹವಲ್ಲ. ಹೆಚ್ಚು ಬಳಕೆಯದರಿಂದ ಕಡಿಮೆ ಬಳಕೆಯದರ ಕಡೆಗೆ ಎಣಿಸುತ್ತಾ ಹೋದರೆ ಮೂರು ಸಾವಿರದಿಂದ ಒಂಬತ್ತು ಸಾವಿರದ ನಡುವೆ ಸಿಗುವ ಪದಗಳವು: ರಿಲಕ್ಟೆಂಟ್, ಪ್ಲಾಸಿಬಲ್, ಅಂಡರ್‌ಮೈನ್, ಸಟಲ್, ಟೆಂಟೆಟಿವ್. ವಿದ್ಯಾವಂತರು ದಿನವೂ ಓದುವ, ಬರೆಯುವ ಪದಗಳು. ವಿಚಿತ್ರ ಪದಗಳ ಹಿಂದೆ ಓಡುವವರು ಇವನ್ನು ಹಾರಿಹೋಗುತ್ತಾರೆ, ಹಾಗಾಗಿ ಅವರ ಬರಹ ಒಂದೋ ತೀರಾ ಸಪ್ಪೆ, ಇಲ್ಲವೇ ತೀರಾ ಆಡಂಬರ.

ನಿಮ್ಮ ಮಟ್ಟ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನೀವು ಓದಬೇಕೆಂದಿರುವ ಪುಸ್ತಕದ ಯಾವುದಾದರೂ ಪುಟದಲ್ಲಿ ನೂರು ಪದ ಎಣಿಸಿ, ಗೊತ್ತಿಲ್ಲದವಕ್ಕೆ ಗೆರೆ ಎಳೆಯಿರಿ. ಎರಡು ಇದ್ದರೆ ಅದು ನಿಮಗೆ ತಕ್ಕ ಪುಸ್ತಕ. ಐದಕ್ಕಿಂತ ಹೆಚ್ಚಿದ್ದರೆ ಸದ್ಯಕ್ಕೆ ಬದಿಗಿಡಿ. ಅಂಥದ್ದನ್ನು ಓದುವಾಗ ಗಮನವೆಲ್ಲ ನಿಘಂಟಿನ ಮೇಲೇ ಇರುತ್ತದೆ, ಓದು ಸಾಗುವುದಿಲ್ಲ.

ಒಂದೇ ವಿಷಯವನ್ನು ಆಳವಾಗಿ ಓದಿ

ದಿನಕ್ಕೊಂದು ವಿಷಯ ಓದಿದರೆ ಹೊಸ ಪದ ಒಮ್ಮೆ ಮುಖ ತೋರಿಸಿ ಮಾಯವಾಗುತ್ತದೆ. ಒಂದೇ ವಿಷಯವನ್ನು ಮೂರು ನಾಲ್ಕು ವಾರ ಹಿಡಿದರೆ ಅದೇ ಪದ ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಹವಾಮಾನದ ಬಗ್ಗೆ ಐದು ಲೇಖನ ಓದಿ ನೋಡಿ. ಎಮಿಷನ್, ಮಿಟಿಗೇಟ್, ಇರ್ರಿವರ್ಸಿಬಲ್, ರಿಸೀಡ್ ನಾಲ್ಕೂ ಎರಡನೆಯ ಲೇಖನದ ಹೊತ್ತಿಗೆ ಪರಿಚಿತವಾಗಿರುತ್ತವೆ. ವೈದ್ಯಕೀಯ, ಕ್ರಿಕೆಟ್, ಕಾನೂನು, ಇತಿಹಾಸ, ಏನಾದರೂ ಸರಿ. ನಿಮಗೆ ನಿಜವಾಗಿ ಕುತೂಹಲವಿರುವ ವಿಷಯವೇ ಆಗಿರಲಿ.

ಮೊದಲ ಸಲ ಓದುವಾಗ ನಿಲ್ಲಬೇಡಿ. ಗೊತ್ತಿಲ್ಲದ ಪದದ ಕೆಳಗೆ ಚುಕ್ಕಿ ಇಟ್ಟು ಮುಂದೆ ಹೋಗಿ. ಓದಿ ಮುಗಿದ ಮೇಲೆ ಹಿಂತಿರುಗಿ, ಆ ಪದ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಊಹಿಸಿ. ಹೊಗಳಿಕೆಯೇ, ತೆಗಳಿಕೆಯೇ? ಹೆಚ್ಚಾಗುವುದೇ, ಕಡಿಮೆಯಾಗುವುದೇ? ಊಹಿಸಿದ ಮೇಲೆಯೇ ನಿಘಂಟು ತೆಗೆಯಿರಿ. ಊಹೆ ತಪ್ಪಾದರೂ ನಷ್ಟವಿಲ್ಲ, ತಪ್ಪು ಊಹಿಸಿ ತಿದ್ದಿಕೊಂಡದ್ದು ಚೆನ್ನಾಗಿ ನೆನಪಿರುತ್ತದೆ. ಚುಕ್ಕಿ ಇಟ್ಟ ಇಪ್ಪತ್ತರಲ್ಲಿ ಐದನ್ನು ಮಾತ್ರ ಆರಿಸಿಕೊಳ್ಳಿ. ಆಯ್ಕೆಗೆ ಒಂದೇ ಅಳತೆಗೋಲು: ಈ ಪದವನ್ನು ಮುಂದಿನ ತಿಂಗಳು ನಾನು ಬರೆಯುವ ಸಂಭವ ಇದೆಯೇ?

ನಿಘಂಟನ್ನು ಓದುವ ಕ್ರಮ

ಇಂಗ್ಲಿಷ್–ಕನ್ನಡ ನಿಘಂಟು ಬೇಡ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಕ್ಕಿ, ಮರ, ಉಪಕರಣ, ಕಾಯಿಲೆಗಳ ಹೆಸರಿಗೆ ಕನ್ನಡದ ಒಂದು ಪದ ಸಿಕ್ಕರೆ ಕೆಲಸ ಮುಗಿಯಿತು. ತೊಡಕು ಬರುವುದು ಕ್ರಿಯಾಪದ, ವಿಶೇಷಣಗಳಲ್ಲಿ. ಫ್ರೂಗಲ್, ಸ್ಟಿಂಜಿ ಎರಡೂ ಖರ್ಚು ಮಾಡದವನಿಗೇ ಅನ್ವಯಿಸುತ್ತವೆ. ಆದರೆ ಒಂದು ಮಿತವ್ಯಯಿ ಎಂಬ ಮೆಚ್ಚುಗೆ, ಇನ್ನೊಂದು ಜಿಪುಣ ಎಂಬ ಬೈಗುಳ. ಫೇಮಸ್ ಎಂದರೆ ಪ್ರಖ್ಯಾತ, ನೊಟೋರಿಯಸ್ ಎಂದರೆ ಕುಖ್ಯಾತ. ಈ ಬಣ್ಣ ತಿಳಿಯಬೇಕಾದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು.

1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಪದಗಳ ಅರ್ಥವನ್ನೂ ಸುಮಾರು 2000 ಸರಳ ಪದಗಳೊಳಗೆ ವಿವರಿಸುವ ಕ್ರಮ ಇಟ್ಟುಕೊಂಡಿತು. 1987ರ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಹೇಳಿತು, ಹಾಗಾಗಿ ವ್ಯಾಖ್ಯೆ ಓದುತ್ತಿದ್ದಂತೆ ಬಳಕೆಯೂ ಕಣ್ಣಿಗೆ ಬೀಳುತ್ತದೆ. ಇಂಥ ನಿಘಂಟುಗಳಲ್ಲಿ ಅರ್ಥದ ಪಕ್ಕದಲ್ಲಿ ಫಾರ್ಮಲ್, ಲಿಟರರಿ, ಡಿಸ್‌ಅಪ್ರೂವಿಂಗ್ ಎಂಬ ಪುಟ್ಟ ಸೂಚನೆಗಳಿರುತ್ತವೆ. ಹೆಚ್ಚಿನವರು ಅವನ್ನು ನೋಡುವುದೇ ಇಲ್ಲ. ಪದದ ತೂಕ ಇರುವುದು ಅಲ್ಲೇ.

ಒಂದು ಪದಕ್ಕೆ ಒಂದು ಪುಟ

ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೇಗಿದೆ ಎಂದು ಹೇಳುತ್ತೇನೆ. ಪದ: ಅಲೀವಿಯೇಟ್. ಕನ್ನಡ ನಿಘಂಟಿನಲ್ಲಿ ಹುಡುಕಿದರೆ ‘ಶಮನ ಮಾಡು, ಕಡಿಮೆ ಮಾಡು’ ಎಂದಿರುತ್ತದೆ. ಇಷ್ಟನ್ನೇ ನಂಬಿ ಹೊರಟರೆ ಬೆಲೆಯನ್ನೂ ವೇಗವನ್ನೂ ಅಲೀವಿಯೇಟ್ ಮಾಡುತ್ತೇವೆ. ಇಂಗ್ಲಿಷ್ ಬಲ್ಲವರಿಗೆ ಅದು ‘ಅಗ್ನಿಪೊಟ್ಟಣ’ದಂತೆಯೇ ಕೇಳಿಸುತ್ತದೆ.

ಪುಟದ ಮೇಲ್ತುದಿಯಲ್ಲಿ ಪದವನ್ನು ನಾನು ಕಂಡ ವಾಕ್ಯವನ್ನು ಹಾಗೇ ನಕಲು ಮಾಡಿದ್ದೇನೆ. ಅದರ ಕೆಳಗೆ ಹುಟ್ಟು: ಲ್ಯಾಟಿನ್ನಿನ ಲೆವಿಸ್, ಅಂದರೆ ಹಗುರ. ಈ ಲೆವಿಸ್ ನಮ್ಮ ‘ಲಘು’ವಿನ ಬಳಗದ್ದೇ. ಹಾಗಾಗಿ ಅಲೀವಿಯೇಟ್ ಎಂದರೆ ಮೂಲದಲ್ಲಿ ಲಘುವಾಗಿಸು. ಹೊರೆ ಇದ್ದಲ್ಲಿ ಮಾತ್ರ ಹಗುರಾಗುವ ಮಾತು, ಅಲ್ಲವೇ? ಅದಕ್ಕೇ ಮುಂದಿನ ಸಾಲು, ಈ ಪದದ ಒಡನಾಡಿಗಳು: ಪೇನ್, ಸಫರಿಂಗ್, ಪಾವರ್ಟಿ, ಸಿಂಪ್ಟಮ್ಸ್, ಪ್ರೆಷರ್. ನೋವು, ಸಂಕಟ, ಬಡತನ, ರೋಗಲಕ್ಷಣ, ಒತ್ತಡ. ಎಲ್ಲವೂ ಮನುಷ್ಯ ಹೊರುವಂಥವು.

ಪಕ್ಕದಲ್ಲಿ ನೆರೆಹೊರೆಯ ಎರಡು ಪದಗಳಿವೆ. ಮಿಟಿಗೇಟ್ ಎಂಬುದು ಆಗಲಿರುವ ಅಥವಾ ಆದ ಹಾನಿಯ ತೀವ್ರತೆ ತಗ್ಗಿಸುವುದು. ಅದರ ಜತೆ ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್ ಬರುತ್ತವೆ. ನ್ಯಾಯಾಲಯದಲ್ಲಿ ಶಿಕ್ಷೆ ಕಡಿಮೆ ಮಾಡಲು ಪರಿಗಣಿಸುವ ಸಂಗತಿಗಳಿಗೆ ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್ ಎನ್ನುತ್ತಾರೆ. ಇನ್ನೊಂದು ಮಾಲಿಫೈ, ಸಿಟ್ಟಾದವರನ್ನು ಮೆತ್ತಗೆ ಮಾಡುವುದು. ಅದರ ಮೂಲ ಮಾಲಿಸ್, ನಮ್ಮ ‘ಮೃದು’ವಿನ ನಂಟು. ಹೀಗೆ ನೋವಿಗೆ ಒಂದು, ಹಾನಿಗೆ ಒಂದು, ಕೋಪಕ್ಕೆ ಒಂದು. ‘ಕಡಿಮೆ ಮಾಡು’ ಎಂಬ ಒಂದೇ ಅರ್ಥದಲ್ಲಿ ಸಿಕ್ಕಿಬಿದ್ದಿದ್ದ ಮೂರು ಪದಗಳು ಈಗ ಬೇರೆ ಬೇರೆ ನಿಂತಿವೆ.

ಒಂದು ಎಚ್ಚರಿಕೆಯೂ ಅದೇ ಪುಟದಲ್ಲಿದೆ: ಮಿಟಿಗೇಟ್ ಬೇರೆ, ಮಿಲಿಟೇಟ್ ಬೇರೆ. ಎರಡನೆಯದು ಸೈನಿಕ ಎಂಬ ಅರ್ಥದ ಮೂಲದಿಂದ ಬಂದದ್ದು, ಅಗೇನ್ಸ್ಟ್ ಎಂಬುದರ ಜತೆ ಸೇರಿ ‘ವಿರುದ್ಧವಾಗಿ ಕೆಲಸ ಮಾಡು’ ಎಂಬ ಅರ್ಥ ಕೊಡುತ್ತದೆ. ಒಳ್ಳೆಯ ಬರಹಗಾರರೂ ಎಡವುವ ಜಾಗ ಇದು. ಆದರೆ ಇಂಥ ಜೋಡಿಯಲ್ಲಿ ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದನ್ನು ಬರೆದುಕೊಳ್ಳಿ. ಕೊನೆಯಲ್ಲಿ ನಿಮ್ಮದೇ ಒಂದು ವಾಕ್ಯ ಇರಲಿ, ನಿಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದು.

ಬೇರು ಹಿಡಿಯುವುದು, ಕನ್ನಡಿಗರಿಗೆ ಇರುವ ಅನುಕೂಲ

ಹಾರ ಎಂಬ ಒಂದು ಮೂಲಕ್ಕೆ ಉಪಸರ್ಗ ಸೇರಿಸುತ್ತಾ ಹೋದರೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಆಗುವುದು ಶಾಲೆಯಲ್ಲೇ ಕಲಿತ ವಿಷಯ. ಇಂಗ್ಲಿಷ್ ಲ್ಯಾಟಿನ್ನಿನಿಂದ ಪಡೆದ ಪದಗಳೂ ಹೀಗೇ ಹುಟ್ಟಿವೆ. ನೋಡುವುದು ಎಂಬ ಅರ್ಥದ ಸ್ಪೆಕ್ಟ್ ತೆಗೆದುಕೊಳ್ಳಿ. ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್, ಮುಂದೆ ನೋಡಿದರೆ ಪ್ರಾಸ್ಪೆಕ್ಟ್, ಹಿಂತಿರುಗಿ ನೋಡಿದರೆ ರೆಟ್ರೋಸ್ಪೆಕ್ಟ್, ಸುತ್ತಲೂ ನೋಡಿ ಹೆಜ್ಜೆ ಇಡುವವರು ಸರ್ಕಮ್‌ಸ್ಪೆಕ್ಟ್. ಹೀಗೆ ಡಕ್ಟ್ ಎಂದರೆ ನಡೆಸು, ಪೋರ್ಟ್ ಎಂದರೆ ಹೊರು, ಸ್ಕ್ರೈಬ್ ಎಂದರೆ ಬರೆ, ವರ್ಟ್ ಎಂದರೆ ತಿರುಗು. ಮೂವತ್ತು ನಲವತ್ತು ಬೇರುಗಳು ಸಾಕು.

1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತಾಡಿದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದರು. ಕನ್ನಡ ಬೇರೆ ಕುಲದ್ದು, ಆದರೆ ಅದರಲ್ಲಿ ಸಂಸ್ಕೃತ ಪದಗಳು ತುಂಬಿರುವುದರಿಂದ ಈ ನಂಟಿನ ಫಲ ನಮಗೂ ದಕ್ಕುತ್ತದೆ. ಜ್ಞಾನದ ‘ಜ್ಞ’ ಇಂಗ್ಲಿಷಿನಲ್ಲಿ ಗ್ನೊ ಆಗಿ ಕಾಣುತ್ತದೆ: ರೆಕಗ್ನೈಸ್, ಕಾಗ್ನಿಷನ್, ಡಯಾಗ್ನೋಸಿಸ್, ಪ್ರಾಗ್ನೋಸಿಸ್. ಅಜ್ಞ ಎಂಬುದರ ರಚನೆಯೇ ಇಗ್ನೊರೆಂಟ್ ಮತ್ತು ಆಗ್ನಾಸ್ಟಿಕ್‌ನಲ್ಲೂ ಇದೆ. ಮೃತ ಗೊತ್ತಿದ್ದರೆ ಮಾರ್ಟಲ್, ಅಮೃತ ಗೊತ್ತಿದ್ದರೆ ಇಮ್ಮಾರ್ಟಲ್. ದಂತಕ್ಕೆ ಡೆಂಟಲ್, ಪಾದಕ್ಕೆ ಪೆಡೆಸ್ಟ್ರಿಯನ್, ಅಗ್ನಿಗೆ ಇಗ್ನೈಟ್, ನವಕ್ಕೆ ನಾವೆಲ್ ಮತ್ತು ಇನ್ನೊವೇಟ್, ವಾಕ್‌ಗೆ ವೋಕಲ್ ಮತ್ತು ಅಡ್ವೊಕೇಟ್. ಉಪಸರ್ಗಗಳಲ್ಲೂ ಪರಿ ಎಂಬುದು ಗ್ರೀಕಿನ ಪೆರಿ, ಪ್ರ ಎಂಬುದು ಪ್ರೊ, ಅಂತರ್ ಎಂಬುದು ಇಂಟರ್. ಮೊದಲ ಸಲ ಇದು ಕಂಡಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ಪರಕೀಯ ಎಂದುಕೊಂಡಿದ್ದ ಪದಗಳ ಹಿಂದೆ ಚಿಕ್ಕಂದಿನಿಂದ ಬಲ್ಲ ಮುಖಗಳಿದ್ದವು.

ಆದರೆ ಧ್ವನಿ ಹೋಲಿದ ಮಾತ್ರಕ್ಕೆ ನಂಟು ಎನ್ನಬೇಡಿ. ದೇವ ಮತ್ತು ಡಿವೈನ್ ಒಂದೇ ಮೂಲದವು; ಥಿಯಾಲಜಿಯ ಥಿಯೋಸ್‌ಗೂ ದೇವರೆಂಬುದೇ ಅರ್ಥ, ಆದರೂ ಅದು ಈ ಬಳಗದ್ದಲ್ಲ. ಸಂಶಯ ಬಂದರೆ ನಿಘಂಟಿನ ವ್ಯುತ್ಪತ್ತಿ ಭಾಗ ನೋಡಿ. ಇನ್ನು ಬೇರು ಸರಿಯಿದ್ದರೂ ಅರ್ಥ ಕೈಕೊಡುವುದುಂಟು. ಇನ್ ಎಂದರೆ ಯಾವಾಗಲೂ ‘ಇಲ್ಲ’ ಅಲ್ಲ: ಇನ್‌ಫ್ಲೇಮಬಲ್ ಎಂದು ಬರೆದ ಡಬ್ಬಿ ಬೇಗ ಹೊತ್ತಿಕೊಳ್ಳುತ್ತದೆ. ಬೇರು ನೆನಪಿಗೆ ಒಳ್ಳೆಯ ಆಸರೆ. ಅರ್ಥಕ್ಕೆ ವಾಕ್ಯವೇ ಸಾಕ್ಷಿ.

ಮೂರು ಪದರಗಳು

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಬಂತು. ವಿದ್ವಾಂಸರು ಲ್ಯಾಟಿನ್ನಿನಿಂದ ಇನ್ನಷ್ಟು ತಂದರು. ಹಾಗಾಗಿ ಒಂದೇ ಅರ್ಥಕ್ಕೆ ಎಷ್ಟೋ ಕಡೆ ಮೂರು ಪದಗಳಿವೆ. ಆಸ್ಕ್, ಕ್ವೆಶ್ಚನ್, ಇಂಟರಾಗೇಟ್. ಫೈರ್, ಫ್ಲೇಮ್, ಕಾನ್‌ಫ್ಲಗ್ರೇಷನ್. ಕಿಂಗ್ಲಿ, ರಾಯಲ್, ರೀಗಲ್. ಮೊದಲನೆಯದು ಮನೆಮಾತು, ಮೂರನೆಯದು ಗ್ರಂಥದ ಮಾತು. ಸ್ನೇಹಿತನನ್ನು ಆಸ್ಕ್ ಮಾಡಬಹುದು, ಇಂಟರಾಗೇಟ್ ಮಾಡಿದರೆ ಅದು ಪೊಲೀಸರ ವಿಚಾರಣೆಯಾಗುತ್ತದೆ. ‘ಒಂದು ಲೋಟ ಜಲ ಕೊಡಿ’ ಎಂದು ಯಾರೂ ಕೇಳುವುದಿಲ್ಲವಲ್ಲ, ಆ ಕಿವಿಯನ್ನೇ ಇಂಗ್ಲಿಷಿಗೂ ತೆರೆಯಿರಿ. ಹೊಸ ಪದ ಸಿಕ್ಕಾಗಲೆಲ್ಲ ಪಕ್ಕದಲ್ಲಿ ‘ಮನೆ’, ‘ಕಚೇರಿ’, ‘ಗ್ರಂಥ’ ಎಂದು ಗುರುತು ಹಾಕಿಕೊಳ್ಳಿ.

ಒಡನಾಡಿಗಳ ಜತೆಗೇ ಕಲಿಯಿರಿ

ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದ ಮಾತೊಂದರ ಸಾರ ಇದು: ಪದವನ್ನು ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಬೇಕು. ಕನ್ನಡದಲ್ಲಿ ಬಡತನ ‘ಕಡು’, ವೈರಿ ‘ಬದ್ಧ’, ನಿದ್ದೆ ‘ಗಾಢ’, ಅಭಿಮಾನಿ ‘ಕಟ್ಟಾ’. ಅದಲು ಬದಲು ಮಾಡಿ ಕಟ್ಟಾ ಬಡತನ, ಗಾಢ ವೈರಿ ಎನ್ನುವಂತಿಲ್ಲ. ಇಂಗ್ಲಿಷಿನಲ್ಲಿ ಬಡತನ ಆ್ಯಬ್ಜೆಕ್ಟ್, ವೈರಿ ಸ್ವೋರ್ನ್, ನಿದ್ದೆ ಸೌಂಡ್, ಅಭಿಮಾನಿ ಆರ್ಡೆಂಟ್. ಮಳೆ ಹೆವಿ, ಆದರೆ ಗಾಳಿ ಸ್ಟ್ರಾಂಗ್. ತೀರ್ಮಾನವನ್ನು ಮೇಕ್ ಮಾಡುತ್ತಾರೆ, ಕ್ರಮವನ್ನು ಟೇಕ್ ಮಾಡುತ್ತಾರೆ, ಅಪರಾಧವನ್ನು ಕಮಿಟ್ ಮಾಡುತ್ತಾರೆ.

ಇದಕ್ಕೆ ವ್ಯಾಕರಣದ ನಿಯಮವಿಲ್ಲ, ರೂಢಿ ಮಾತ್ರ. ಆದ್ದರಿಂದ ಒಂಟಿ ಪದವನ್ನು ಎಂದೂ ಬರೆದುಕೊಳ್ಳಬೇಡಿ, ಜೋಡಿಯನ್ನು ಬರೆದುಕೊಳ್ಳಿ. ಪದದ ಹಿಂದೆ ಮುಂದೆ ಬರುವ ಆನ್, ಆಫ್, ಟು, ವಿತ್‌ಗಳನ್ನೂ ಬಿಡಬೇಡಿ. ಡಿಸ್‌ಕಸ್ ಆದ ಮೇಲೆ ಅಬೌಟ್ ಬೇಕಿಲ್ಲ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವುದರಿಂದ ನಾವು ಅಭ್ಯಾಸಬಲದಿಂದ ಸೇರಿಸಿಬಿಡುತ್ತೇವೆ. ನನ್ನ ಅನುಭವದಲ್ಲಿ, ಹೊಸ ಪದ ಕಲಿಯುವುದಕ್ಕಿಂತ ಗೊತ್ತಿರುವ ಪದಗಳ ಜೋಡಿ ಸರಿಪಡಿಸಿಕೊಂಡರೆ ಬರಹ ಬೇಗ ಸುಧಾರಿಸುತ್ತದೆ.

ಮರೆವಿಗೆ ಮುಂಚೆ ಮರುಭೇಟಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಕೂಡಲೇ ಮರೆವಿನ ವೇಗ ಹೆಚ್ಚು, ಆಮೇಲೆ ನಿಧಾನವಾಗುತ್ತದೆ. ಇದರ ಬೆನ್ನಿಗೆ 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಒಂದು ಸರಳ ಪೆಟ್ಟಿಗೆಯ ವಿಧಾನ ಕೊಟ್ಟ. ಅದನ್ನು ಹೀಗೆ ಮಾಡಿಕೊಳ್ಳಿ.

ಒಂದು ಪೆಟ್ಟಿಗೆಯಲ್ಲಿ ಐದು ಮನೆ ಮಾಡಿ. ಹೊಸ ಚೀಟಿಗಳೆಲ್ಲ ಮೊದಲ ಮನೆಗೆ, ಅದನ್ನು ದಿನವೂ ನೋಡಿ. ಉತ್ತರ ಹೊಳೆದರೆ ಚೀಟಿ ಮುಂದಿನ ಮನೆಗೆ ಹೋಗುತ್ತದೆ, ಹೊಳೆಯದಿದ್ದರೆ ಎಲ್ಲಿದ್ದರೂ ಮತ್ತೆ ಮೊದಲ ಮನೆಗೆ. ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯಿರಿ. ಮೊಬೈಲಿನಲ್ಲಿ ಬೇಕೆಂದರೆ ಆಂಕಿಯಂಥ ತಂತ್ರಾಂಶ ಈ ದಿನಗಣನೆಯನ್ನು ತಾನೇ ಮಾಡುತ್ತದೆ.

ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದರೆ ಗುರುತು ಹಿಡಿಯುವುದಷ್ಟೇ ಕಲಿಯುತ್ತೀರಿ. ಬದಲಿಗೆ ಒಂದು ಬದಿಯಲ್ಲಿ ಪದದ ಜಾಗ ಖಾಲಿ ಬಿಟ್ಟ ವಾಕ್ಯ ಇರಲಿ, ಜತೆಗೆ ಕನ್ನಡದಲ್ಲಿ ಸಣ್ಣ ಸುಳಿವು: ‘ನೋವಿನ ಭಾರ ಇಳಿಸು’. ನೀವು ಬಾಯಿಬಿಟ್ಟು ಪದ ಹೇಳಬೇಕು. ಹುಡುಕಾಡಿ ಹೊರತೆಗೆದ ಪದವೇ ಬರೆಯುವಾಗ ಕೈಗೆ ಬರುತ್ತದೆ. ದಿನಕ್ಕೆ ಐದರಂತೆ ವಾರದಲ್ಲಿ ಆರು ದಿನ ಸೇರಿಸಿದರೆ ವರ್ಷಕ್ಕೆ 1,500ರ ಸುಮಾರು. ಮೂರರಲ್ಲಿ ಎರಡು ಪಾಲು ನಿಂತರೂ ಸಾವಿರ. ಒಂದೇ ತಿಂಗಳಲ್ಲಿ ಪಾಂಡಿತ್ಯ ಕೊಡುತ್ತೇವೆ ಎನ್ನುವವರ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಬಾಯಿಗೂ ಕೈಗೂ ತನ್ನಿ

ಓದಿ ಮಾತ್ರ ಕಲಿತ ಪದದ ಉಚ್ಚಾರಣೆ ತಪ್ಪುವುದು ಸಹಜ. ಕಣ್ಣಿಗೆ ಎಪಿಟೋಮ್ ಎಂದು ಕಾಣುವ ಪದವನ್ನು ಇಪಿಟಮಿ ಎನ್ನಬೇಕು, ಹೈಪರ್‌ಬೋಲ್ ಎಂದು ಕಾಣುವುದನ್ನು ಹೈಪರ್‌ಬಲಿ ಎನ್ನಬೇಕು. ಒತ್ತು ಬೀಳುವ ಜಾಗವೂ ಕುಟುಂಬದೊಳಗೇ ಬದಲಾಗುತ್ತದೆ: ಫೋಟೊಗ್ರಾಫ್‌ನಲ್ಲಿ ಮೊದಲ ಅಕ್ಷರಕ್ಕೆ, ಫಟಾಗ್ರಫರ್‌ನಲ್ಲಿ ಎರಡನೆಯದಕ್ಕೆ, ಫೋಟೊಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಆನ್‌ಲೈನ್ ನಿಘಂಟಿನ ಧ್ವನಿ ಗುಂಡಿ ಒತ್ತಿ, ಕೇಳಿ, ಮೂರು ಸಲ ಗಟ್ಟಿಯಾಗಿ ಹೇಳಿ.

ದಿನದ ಕೊನೆಗೆ ಎಂಟು ಹತ್ತು ಸಾಲು ಬರೆಯಿರಿ. ಅದರಲ್ಲಿ ಆ ದಿನದ ಪದಗಳಲ್ಲಿ ಒಂದೋ ಎರಡೋ ಇರಲಿ, ಐದನ್ನೂ ತುರುಕಬೇಡಿ. ಬರೆದ ಮೇಲೆ ಕೇಳಿಕೊಳ್ಳಿ: ಈ ಪದ ತೆಗೆದು ಸರಳ ಪದ ಇಟ್ಟರೆ ಅರ್ಥ ಏನಾದರೂ ಕಳೆದುಹೋಗುತ್ತದೆಯೇ? ಯುಟಿಲೈಸ್ ತೆಗೆದು ಯೂಸ್ ಇಟ್ಟರೆ ಸಾಮಾನ್ಯವಾಗಿ ಏನೂ ಹೋಗುವುದಿಲ್ಲ, ಹಾಗಾಗಿ ಯೂಸ್ ಸಾಕು. ಆದರೆ ರಿಲಕ್ಟೆಂಟ್ ತೆಗೆದು ನಾಟ್ ವಿಲಿಂಗ್ ಎಂದರೆ ಮನಸ್ಸಿನ ಹಿಂಜರಿಕೆ ಮರೆಯಾಗಿ ಬರೀ ನಿರಾಕರಣೆ ಉಳಿಯುತ್ತದೆ. ಅಲ್ಲಿ ಹೊಸ ಪದವನ್ನು ಬಿಡಬೇಡಿ.

ಕೆಲವು ಪದಗಳು ಏನು ಮಾಡಿದರೂ ನಿಲ್ಲುವುದಿಲ್ಲ. ನನಗೆ ಅಬ್‌ಸ್ಟೀಮಿಯಸ್ ಹಾಗೆ ಕಾಡಿತು, ಆರು ಸಲ ಮೊದಲ ಮನೆಗೇ ವಾಪಸ್ ಬಂತು. ಅಂಥ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದುಬಿಡಿ. ಅದು ನಿಜವಾಗಿ ಬೇಕಾದ ಪದವಾಗಿದ್ದರೆ ಮುಂದೆ ಯಾವುದಾದರೂ ಪುಟದಲ್ಲಿ ಮತ್ತೆ ಎದುರಾಗುತ್ತದೆ. ಆಗ ಹಳೆಯ ಚೀಟಿಯನ್ನು ಹುಡುಕಬೇಡಿ, ಆ ಹೊಸ ವಾಕ್ಯವನ್ನೇ ಇಟ್ಟುಕೊಂಡು ಹೊಸ ಚೀಟಿ ಬರೆಯಿರಿ.